ತೆರೆದಿಟ್ಟ ಕಡತ: ಯುನಿಕ್ಸ್ ಖಾತೆ ವಿವರಗಳ ಚರಿತ್ರೆ

ಯುನಿಕ್ಸ್‌ನ 'ಇಟಿಸಿ' ಡೈರೆಕ್ಟರಿಯಲ್ಲಿರುವ ಪಾಸ್‌ವರ್ಡ್ ಕಡತದಲ್ಲಿ ಬಳಕೆದಾರರೊಬ್ಬರಿಗೆ ಒಂದು ಸಾಲು. ಸಾಲಿನಲ್ಲಿ ಕೋಲನ್ ಹಾಕಿ ಬೇರ್ಪಡಿಸಿದ ಏಳು ಅಂಕಣಗಳು: ಲಾಗಿನ್ ಹೆಸರು, ಪಾಸ್‌ವರ್ಡ್, ಬಳಕೆದಾರ ಸಂಖ್ಯೆ, ಗುಂಪಿನ ಸಂಖ್ಯೆ, ಪೂರ್ಣ ಹೆಸರು, ಹೋಮ್ ಡೈರೆಕ್ಟರಿ, ಶೆಲ್. ಐದನೆಯದನ್ನು ಈಗಲೂ 'ಜೀಕಾಸ್' ಎನ್ನುತ್ತಾರೆ. ಬೆಲ್ ಲ್ಯಾಬ್ಸ್‌ನವರು ಮುದ್ರಣದ ಕೆಲಸವನ್ನು ಜೀಕಾಸ್ ವ್ಯವಸ್ಥೆಯ ಯಂತ್ರಕ್ಕೆ ಕಳಿಸುವಾಗ ಬೇಕಾಗುತ್ತಿದ್ದ ಗುರುತು ಅಲ್ಲಿರುತ್ತಿತ್ತು. ಆ ಯಂತ್ರ ಹೋಯಿತು, ಅಂಕಣ ಉಳಿಯಿತು.

ಈ ಕಡತವನ್ನು ಯಾರು ಬೇಕಾದರೂ ಓದಬಹುದಿತ್ತು. ಕಡತಗಳ ಒಡೆಯ ಯಾರೆಂದು ಡಿಸ್ಕ್‌ನಲ್ಲಿ ಸಂಖ್ಯೆಯಾಗಿ ಮಾತ್ರ ದಾಖಲಾಗುವುದರಿಂದ, ಅದನ್ನು ಹೆಸರಾಗಿ ತೋರಿಸಲು ಪ್ರತಿ ಪ್ರೋಗ್ರಾಮಿಗೂ ಈ ಪಟ್ಟಿ ಬೇಕು. ಹಾಗಿದ್ದರೆ ಗುಟ್ಟನ್ನೂ ಅಲ್ಲೇಕೆ ಇಟ್ಟರು? ಇದನ್ನು ಅಜಾಗರೂಕತೆ ಎನ್ನುವುದು ಅನ್ಯಾಯವೆಂದು ನನ್ನ ಅಭಿಪ್ರಾಯ. ಎಂಐಟಿಯ ಸಿಟಿಎಸ್‌ಎಸ್ ವ್ಯವಸ್ಥೆ ಪಾಸ್‌ವರ್ಡ್‌ಗಳನ್ನು ಮುಚ್ಚಿಯೇ ಇಟ್ಟಿತ್ತು. ಆದರೂ 1960ರ ದಶಕದಲ್ಲಿ ಎಡಿಟರ್‌ನ ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಲಾಗಿನ್ ಆದವರೆಲ್ಲರ ಮುಂದೆ ಇಡೀ ಪಟ್ಟಿ ಅಚ್ಚಾಯಿತು. ಮುಚ್ಚಿಡುವುದನ್ನು ನಂಬಲಾಗದು ಎಂದು ಕಂಡುಕೊಂಡ ಯುನಿಕ್ಸ್ ಕರ್ತೃಗಳು ಗೂಢಲಿಪಿಯನ್ನು ನಂಬಿದರು.

ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರೂ ಅವರೇ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧದಲ್ಲಿ ಲೆಕ್ಕ ಕೊಟ್ಟಿದ್ದಾರೆ: ಎಂ-209 ಗೂಢಲಿಪಿ ಯಂತ್ರವನ್ನು ಅನುಕರಿಸಿದ ಹಳೆಯ ವಿಧಾನದಲ್ಲಿ ಒಂದು ಊಹೆಯನ್ನು ಪರೀಕ್ಷಿಸಲು ಪಿಡಿಪಿ-11/70 ಯಂತ್ರಕ್ಕೆ ಸುಮಾರು 1.25 ಮಿಲಿಸೆಕೆಂಡ್ ಸಾಕು. ಅವರು ಕಲೆಹಾಕಿದ 3,289 ಪಾಸ್‌ವರ್ಡ್‌ಗಳಲ್ಲಿ ಶೇ. 86ರಷ್ಟು ತೀರಾ ಚಿಕ್ಕವು, ಬರೀ ಸಣ್ಣಕ್ಷರದವು ಇಲ್ಲವೇ ನಿಘಂಟಿನಲ್ಲಿ ಸಿಗುವಂಥವು. ಹಾಗಾಗಿ ಏಳನೆಯ ಆವೃತ್ತಿಯಲ್ಲಿ ಬೇಕೆಂದೇ ನಿಧಾನವಾದ ವಿಧಾನ ಬಂತು: ಡಿಇಎಸ್ ಸೂತ್ರವನ್ನು 25 ಸಲ ನಡೆಸುವುದು, ಜೊತೆಗೆ 12 ಬಿಟ್‌ಗಳ 'ಸಾಲ್ಟ್'. ಒಂದೇ ಪಾಸ್‌ವರ್ಡ್ 4,096 ರೂಪಗಳಲ್ಲಿ ಕಾಣಿಸಬಹುದಾದ್ದರಿಂದ ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿ ದುಬಾರಿಯಾಯಿತು. ಸಾಲ್ಟ್ ಡಿಇಎಸ್‌ನ ಒಳಗಿನ ಕೋಷ್ಟಕವನ್ನೇ ಬದಲಿಸುತ್ತಿದ್ದುದರಿಂದ ಮಾರುಕಟ್ಟೆಯ ಡಿಇಎಸ್ ಚಿಪ್‌ಗಳೂ ದಾಳಿಗೆ ನೆರವಾಗಲಿಲ್ಲ. ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಜಾಣತನದ್ದಾಗಿ ಕಾಣುವ ಹೆಜ್ಜೆ ಇದು.

ಅವರ ತರ್ಕ ಗಟ್ಟಿಯಾಗಿತ್ತು, ಯಂತ್ರಗಳ ವೇಗ ಅದನ್ನು ಮೀರಿತು. 1988ರ ನವೆಂಬರ್ 2ರಂದು ಇಂಟರ್ನೆಟ್‌ಗೆ ಹಬ್ಬಿದ ವರ್ಮ್ ಇದೇ ತೆರೆದ ಕಡತವನ್ನು ಓದಿ, ತನ್ನದೇ ಪದಪಟ್ಟಿಯಿಂದ ಪಾಸ್‌ವರ್ಡ್‌ಗಳನ್ನು ಊಹಿಸಿತು. ಅದನ್ನು ಬರೆದವನು ಮಾರಿಸ್ ಅವರ ಮಗ ರಾಬರ್ಟ್ ಟಪ್ಪನ್ ಮಾರಿಸ್. ಅಷ್ಟರಲ್ಲಾಗಲೇ ಹೊಸ ಏರ್ಪಾಡು ಹುಟ್ಟಿತ್ತು: ಹ್ಯಾಶ್‌ಗಳು, ಅಂದರೆ ಪಾಸ್‌ವರ್ಡ್‌ಗಳ ಗೂಢರೂಪಗಳು, ರೂಟ್ ಮಾತ್ರ ಓದಬಲ್ಲ 'ಶ್ಯಾಡೋ' ಕಡತಕ್ಕೆ ಹೋದವು, ಹಳೆಯ ಕಡತದ ಎರಡನೆಯ ಅಂಕಣದಲ್ಲಿ ಬರೀ 'ಎಕ್ಸ್' ಉಳಿಯಿತು.

ಕಡತವನ್ನು ಮುಚ್ಚಿದ್ದರಿಂದ ಹಳೆಯ ಹ್ಯಾಶ್‌ಗಳೇನೂ ಬಲಗೊಳ್ಳಲಿಲ್ಲ. ಬಿಎಸ್‌ಡಿಯ ಹಳೆಯ ಆಕರ ಕಡತಗಳ ಜೊತೆ ಉಳಿದುಬಂದಿದ್ದ ಥಾಂಪ್ಸನ್ ಅವರ ಪಾಸ್‌ವರ್ಡ್ 2019ರಲ್ಲಿ ಗ್ರಾಫಿಕ್ಸ್ ಕಾರ್ಡಿನ ಮುಂದೆ ಕೆಲವೇ ದಿನ ನಿಂತಿತು. ಅದೊಂದು ಚದುರಂಗದ ನಡೆ, ರಾಣಿಯ ಮುಂದಿನ ಪದಾತಿ ಎರಡು ಮನೆ ಮುಂದೆ ಹೋಗುವುದು. ವೇಗ ಏರುತ್ತಲೇ ಇರುತ್ತದೆಂದು ಒಪ್ಪಿಕೊಂಡೇ ರೂಪುಗೊಂಡದ್ದು ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಜಿಯೆರ್ಸ್ 1999ರಲ್ಲಿ ಮಂಡಿಸಿದ ಬಿಕ್ರಿಪ್ಟ್. ಅದರಲ್ಲಿ ಶ್ರಮದ ಪ್ರಮಾಣ ಹ್ಯಾಶ್‌ನೊಳಗೇ ಅಂಕಿಯಾಗಿ ಬರೆದಿರುತ್ತದೆ. ಆ ಅಂಕಿ ಒಂದು ಏರಿದರೆ ಲೆಕ್ಕದ ಕೆಲಸ ಇಮ್ಮಡಿಯಾಗುತ್ತದೆ.