ಕಣದ ಲೆಕ್ಕ, ಕಬ್ಬಿನ ಲೆಕ್ಕ

ಸುವರ್ಣ ಮಹೋತ್ಸವದ ತಯಾರಿಗೆಂದು ಶಾಲೆಯ ಹಳೆಯ ಕಪಾಟುಗಳನ್ನು ತೆಗೆದಾಗ ಮೊದಮೊದಲ ವರ್ಷಗಳ ಹಾಜರಿ ಪುಸ್ತಕಗಳು ಸಿಕ್ಕವು. ಅಂಚು ಹುಳ ತಿಂದಿದ್ದರೂ ಹೆಸರುಗಳು ಓದಲು ಬರುತ್ತವೆ. ಜೂನ್, ಜುಲೈ ಪುಟಗಳು ತುಂಬಿವೆ. ಶೇಂಗಾ ಕೀಳುವ ಅಕ್ಟೋಬರಿನಲ್ಲಿ ಅಲ್ಲಲ್ಲಿ ಗೈರುಹಾಜರಿ. ಜನವರಿ ಕೊನೆಯಿಂದ ಮುಂದೆ ಪುಟಕ್ಕೆ ಪುಟವೇ ಖಾಲಿ, ಅದರಲ್ಲೂ ಹೆಣ್ಣುಮಕ್ಕಳ ಹೆಸರಿನ ಮುಂದೆ. ಅಂಥ ಒಂದು ಪುಟದ ಕೆಳಗೆ ನಮ್ಮ ಗುರುಗಳು ಒಂದೇ ಶಬ್ದದ ಷರಾ ಬರೆದಿದ್ದಾರೆ: ‘ಸುಗ್ಗಿ’. ಆ ಖಾಲಿ ಜಾಗಗಳಲ್ಲಿ ಕೆಲವು ನನ್ನವು.

ಹತ್ತು ಹದಿನೈದು ವರ್ಷ ಮುಂದಿನ ಪುಸ್ತಕಗಳನ್ನು ತಿರುವಿದರೆ ಆ ಶಬ್ದ ಕಾಣುವುದಿಲ್ಲ. ಮಕ್ಕಳು ಮಾಘದಲ್ಲಿಯೂ ಶಾಲೆಗೆ ಬರತೊಡಗಿದ್ದರು. ಸಂತೋಷದ ಮಾತೇ. ಆದರೆ ಮಕ್ಕಳು ಸುಗ್ಗಿ ಬಿಟ್ಟು ಶಾಲೆಗೆ ಬಂದದ್ದಲ್ಲ, ಸುಗ್ಗಿಯೇ ಊರು ಬಿಟ್ಟು ಹೋಗಿತ್ತು. ಮೂವತ್ತು ವರ್ಷ ಬೇರೆ ಬೇರೆ ಊರುಗಳಲ್ಲಿ ಮಕ್ಕಳಿಗೆ ಇತಿಹಾಸ ಕಲಿಸಿದವನು ನಾನು. ರಾಜರ ವಂಶಾವಳಿ ಬಾಯಿಪಾಠ ಮಾಡಿಸಿದೆ. ನಮ್ಮೂರ ಕಣ ಹೇಗೆ ಹೋಯಿತೆಂದು ಒಮ್ಮೆಯೂ ಹೇಳಲಿಲ್ಲ. ಈ ಸಂಚಿಕೆಯ ನೆಪದಲ್ಲಿ ಅದನ್ನು ಬರೆಯುತ್ತಿದ್ದೇನೆ.

ನಮ್ಮದು ಕೂಡು ಕುಟುಂಬ. ಸ್ವಂತದ್ದು ಸ್ವಲ್ಪ, ಪಾಲಿಗೆ ಮಾಡಿದ್ದು ಸ್ವಲ್ಪ. ನಮ್ಮ ಊರು ಗೋಕಾಕದ ಮೂಡಣ ಕಡೆಗೆ. ಅವ್ವನ ತವರು ಹುಕ್ಕೇರಿ ಸೀಮೆ. ಅಕ್ಕನನ್ನು ಕೊಟ್ಟದ್ದು ಮೂಡಲಗಿ ಕಡೆ, ಅದು ಆಗ ಗೋಕಾಕ ತಾಲ್ಲೂಕಿನೊಳಗೇ ಇತ್ತು. ಬೀಗತನದ ಈ ಹಾದಿಯಲ್ಲಿ ಓಡಾಡಿದವರಿಗೆ ಭೂಗೋಳ ಬೇರೆ ಓದಬೇಕಿರಲಿಲ್ಲ. ಪಡುವಣ ಹುಕ್ಕೇರಿ ಕಡೆ ಸಹ್ಯಾದ್ರಿಯ ಮಗ್ಗುಲು, ಮಳೆ ನಮಗಿಂತ ಹೆಚ್ಚು, ಮಸಾರಿ ನೆಲ. ಅಲ್ಲಿ ಶೇಂಗಾ, ತಂಬಾಕು, ಸಂಕೇಶ್ವರದ ಹೆಸರು ಹೊತ್ತ ಮೆಣಸಿನಕಾಯಿ. ಮೂಡಣಕ್ಕೆ ಬಂದಂತೆ ಮಳೆ ಕಡಿಮೆ, ಎರೆ ನೆಲ ಹೆಚ್ಚು. ಅಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ, ಗೋದಿ, ಹತ್ತಿ. ಮೂಡಲಗಿಯ ದನದ ಸಂತೆಯಲ್ಲಿ ಈ ಎರಡೂ ಸೀಮೆಯವರು ಕೂಡುತ್ತಿದ್ದರು.

ನಮ್ಮ ಹೊಲದಲ್ಲಿ ಎರಡೂ ನಮೂನೆಯ ನೆಲವಿತ್ತು. ಆದ್ದರಿಂದ ಸುಗ್ಗಿ ಒಂದು ಸಲ ಬಂದು ಹೋಗುವಂಥದ್ದಾಗಿರಲಿಲ್ಲ. ಶ್ರಾವಣ ಭಾದ್ರಪದದಲ್ಲಿ ಹೆಸರು ಬಿಡಿಸುವುದು. ಆಮೇಲೆ ಮುಂಗಾರಿ ಸಜ್ಜೆ, ಮಡಕಿ. ದೀಪಾವಳಿ ಆಚೀಚೆ ಶೇಂಗಾ. ಹತ್ತಿ ಎರಡು ಮೂರು ಸಲ ಬಿಡಿಸಬೇಕು. ತೊಗರಿ ಕೊಯ್ದು ಬಡಿದು ಮುಗಿಸುವಷ್ಟರಲ್ಲಿ ಎಳ್ಳ ಅಮಾವಾಸ್ಯೆಯ ಚರಗ. ಅದಾದ ಮೇಲೆ ಕಡಲೆ, ಕುಸುಬೆ, ಕೊನೆಗೆ ಜೋಳ. ಜೋಳದ ಹೊಲದ ಸುತ್ತ ಕುಸುಬೆಯ ಸಾಲು ಬೇಲಿಯಂತೆ ಇರುತ್ತಿತ್ತು. ಅದರ ಮುಳ್ಳಿಗೆ ಹೆದರಿ ದನ ಒಳಗೆ ಬಾಯಿ ಹಾಕುತ್ತಿರಲಿಲ್ಲ, ಮನೆಗೆ ಅಡುಗೆಯ ಎಣ್ಣೆಯೂ ಆಯಿತು. ಮುಂಗಾರಿ ಬೆಳೆಯ ನಡುವೆ ಅಕ್ಕಡಿ ಕಾಳು: ಅಲಸಂದಿ, ಗುರೆಳ್ಳು, ಬದುವಿನಲ್ಲಿ ಪುಂಡಿ. ಅಕ್ಕಡಿ ಸಾಲಿಗೆ ಯಾವ ಬೀಜ, ಎಷ್ಟು, ಎನ್ನುವುದು ಆಯಿಯ ಮಾತು. ಅಜ್ಜ ಅದರಲ್ಲಿ ಬಾಯಿ ಹಾಕುತ್ತಿರಲಿಲ್ಲ. ಬೂದಿ ಬೆರೆಸಿ ಗಡಿಗೆಯಲ್ಲಿ ಬೀಜ ಕಾಯ್ದಿಟ್ಟವಳು ಅವಳೇ ಆದ್ದರಿಂದ ಅವಳ ಅಧಿಕಾರವನ್ನು ಯಾರೂ ಕೇಳುವಂತಿರಲಿಲ್ಲ.

ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಬರುತ್ತದೆ ಎಂಬ ಲೆಕ್ಕ ಅದು. ಎಲ್ಲಕ್ಕೂ ಕೈಕೊಟ್ಟ ವರ್ಷಗಳೂ ಇದ್ದವು. 1972-73ರ ಬರ ನಾನೇ ಕಂಡದ್ದು. ಆ ವರ್ಷ ಕಣ ಕಡಿಯಲೇ ಇಲ್ಲ.

ಒಳ್ಳೆಯ ವರ್ಷದಲ್ಲಿ ಕಣದ ಕೆಲಸ ಸಂಕ್ರಾಂತಿಯ ನಂತರ ಶುರು. ನೆಲ ಕೆತ್ತಿ, ನೀರು ಹೊಡೆದು, ಧಮ್ಮಸು ಮಾಡಿ, ಸೆಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಡುತ್ತಿದ್ದರು. ಆಮೇಲೆ ಚಪ್ಪಲಿ ಹಾಕಿಕೊಂಡು ಒಳಗೆ ಕಾಲಿಡುವಂತಿಲ್ಲ. ಜೋಳ ಕೀಳುವುದು ಗಂಡಸರ ಕೆಲಸ. ಅಂಗೈ ಬೊಬ್ಬೆ ಬಂದು ಒಡೆಯುತ್ತಿದ್ದವು. ಕುಡಗೋಲಿನಿಂದ ತೆನೆ ಕೊಯ್ಯುವುದು ಹೆಂಗಸರ ಕೆಲಸ. ಕಣಿಕೆಯನ್ನು ಸೂಡು ಕಟ್ಟಿ ಬಣವಿ ಒಟ್ಟುವುದು ಎಲ್ಲರಿಗೂ ಬರುವಂಥದ್ದಲ್ಲ, ಊರಿಗೆ ಇಬ್ಬರೋ ಮೂವರೋ ಬಲ್ಲವರು. ಒಟ್ಟುವಾಗ ಕೈತಪ್ಪಿದರೆ ಮಳೆ ಒಳಗೆ ಇಳಿದು ವರ್ಷದ ಮೇವು ಕೊಳೆಯುತ್ತದೆ. ತೆನೆಯನ್ನು ಕಣದಲ್ಲಿ ಹರಡಿ ಎತ್ತುಗಳನ್ನು ಸಾಲಾಗಿ ಮೇಟಿಗೆ ಕಟ್ಟಿ ಹಂತಿ ಹೊಡೆಯುವುದು ರಾತ್ರಿ, ತಂಪು ಹೊತ್ತಿನಲ್ಲಿ. ನಿದ್ದೆ ಬಾರದಿರಲೆಂದು ಹಂತಿಯ ಪದ. ಅರೆನಿದ್ದೆಯಲ್ಲಿ ಎತ್ತಿನ ಹಿಂದೆ ಸುತ್ತುತ್ತ ಸೆಗಣಿ ಕಾಳಿನ ಮೇಲೆ ಬೀಳದಂತೆ ಬುಟ್ಟಿ ಹಿಡಿಯುವುದು ನಮ್ಮಂಥ ಹುಡುಗರ ಪಾಲಿಗೆ. ಮರುದಿನ ಶಾಲೆಗೆ ಬಂದರೂ ಬೆಂಚಿನ ಮೇಲೆ ತಲೆ ನಿಲ್ಲುತ್ತಿರಲಿಲ್ಲ. ಗುರುಗಳಿಗೆ ಗೊತ್ತಿತ್ತು, ಎಬ್ಬಿಸುತ್ತಿರಲಿಲ್ಲ.

ತೂರಿ ರಾಶಿ ಮಾಡಿದ ಮೇಲೆ ಅಳೆಯುವುದು. ಮೊದಲ ಅಳತೆಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಲಾಭ, ಎರಡು, ಮೂರು. ‘ಮುಗೀತು’ ಎಂದು ಬಾಯಿ ತಪ್ಪಿ ಅಂದರೆ ಆಯಿ ಗದರುತ್ತಿದ್ದಳು. “ಹೆಚ್ಚಾತು ಅನ್ನಬೇಕ ತಮ್ಮಾ, ಕಣದಾಗ ಮುಗೀತು ಅನ್ನಬಾರದು.”

ಈ ಬರಹ ಬರೆಯಲು ಮುಖ್ಯ ಕಾರಣ ಇಲ್ಲಿದೆ. ರಾಶಿ ನಮ್ಮದೆಂದು ನಾವು ಅಂದುಕೊಂಡಿದ್ದೆವು. ಆದರೆ ಅದು ಮನೆಗೆ ಬರುವ ಮೊದಲು ಕಣದಲ್ಲಿಯೇ ಹಂಚಿ ಹೋಗುತ್ತಿತ್ತು. ಕೂರಿಗೆ, ಕುಂಟೆ ಮಾಡಿಕೊಟ್ಟ ಬಡಿಗ, ಕುಡ ಬಡಿದ ಕಮ್ಮಾರ, ಗಡಿಗೆ ಕೊಟ್ಟ ಕುಂಬಾರ, ಬಾರು ಮಿಣಿ ಹೊಲಿದವರು, ಕ್ಷೌರ ಮಾಡಿದವರು, ಬಟ್ಟೆ ಒಗೆದವರು, ಎಲ್ಲರಿಗೂ ಆಯ ಕೊಡಬೇಕು. ಕೂಲಿಗೆ ಬಂದವರಿಗೆ ಕಾಳು. ಹೊಲದಲ್ಲಿ ಉದುರಿದ ತೆನೆ, ನೆಲದಲ್ಲಿ ಉಳಿದ ಶೇಂಗಾ ಹಕ್ಕಲು ಆಯುವವರದ್ದು, ಅದಕ್ಕೆ ಮಾಲಕನ ಅಪ್ಪಣೆ ಬೇಕಿರಲಿಲ್ಲ. ಯಾರು ಯಾರ ಬೆನ್ನಿಗೆ ದುಡಿದಿದ್ದಾರೆ ಎಂಬ ವರ್ಷದ ಕೀರ್ದಿ ಆ ಒಂದು ದಿನ ಕಣದಲ್ಲಿ ಎಲ್ಲರ ಕಣ್ಣೆದುರು ತೆರೆದುಕೊಳ್ಳುತ್ತಿತ್ತು.

ಹಾಗೆಂದು ಅದನ್ನು ಸ್ವರ್ಗವೆಂದು ನಾನು ಹೇಳಲಾರೆ. ಇಂಥ ಸಂಚಿಕೆಗಳಲ್ಲಿ ಹಿಂದಿನ ಕಾಲವನ್ನು ಹೊಗಳುವ ಚಾಳಿ ನಮಗೆಲ್ಲ ಇದೆ. ಪಾಲಿಗೆ ಮಾಡಿದ ಹೊಲದ ರಾಶಿಯ ಮೇಲೆ ಧಣಿಯ ಕಡೆಯವರು ಬೂದಿಯ ಗೆರೆ ಎಳೆದು ಹೋಗುತ್ತಿದ್ದರು, ರಾತ್ರಿ ಒಂದು ಹಿಡಿ ತೆಗೆದರೂ ಗೊತ್ತಾಗಲೆಂದು. ಬೆವರು ನಮ್ಮದು, ಅರ್ಧ ಕಾಳು ಅವರದ್ದು, ಅನುಮಾನವೂ ನಮ್ಮ ಮೇಲೆಯೇ. ನಮ್ಮಿಂದ ಆಯ ಪಡೆಯುವ ಕೇರಿಯ ಜನರನ್ನು ನಾವು ಕಣದ ಅಂಚಿನ ಹೊರಗೇ ನಿಲ್ಲಿಸುತ್ತಿದ್ದೆವು. ಅವರ ಸೆರಗಿಗೆ ಮೇಲಿನಿಂದ ಸುರಿಯುತ್ತಿದ್ದೆವು. ರಾಶಿಯ ತಳದಲ್ಲಿ ಉಳಿದ ಮಣ್ಣು ಬೆರೆತ ಕಾಳು ಅವರ ಪಾಲು. ಆಗ ನನಗೆ ಅದು ತಪ್ಪೆಂದು ಅನಿಸಲಿಲ್ಲ. ನನ್ನ ತರಗತಿಯಲ್ಲಿ ಪಕ್ಕದಲ್ಲೇ ಕೂತ ಹುಡುಗನ ತಾಯಿ ಒಮ್ಮೆ ಹಾಗೆ ನಿಂತಿದ್ದಳು. ಮರುದಿನ ಅವನ ಮುಖ ನೋಡಲಾಗಲಿಲ್ಲ. ನಮ್ಮ ಹೈಸ್ಕೂಲು ನನಗೆ ಕಲಿಸಿದ ದೊಡ್ಡ ಪಾಠ ಆ ಬೆಂಚಿನದು.

ಈ ವ್ಯವಸ್ಥೆ ಕದಲಿದ್ದು ನೀರಿನಿಂದ. ಘಟಪ್ರಭೆಯ ನೀರು ನಮ್ಮ ಸೀಮೆಗೆ ಹೊಸದಲ್ಲ. 19ನೆಯ ಶತಮಾನದ ಎಂಬತ್ತರ ದಶಕದಲ್ಲಿಯೇ ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿ ನಿಂತಿತು. 1897ರಲ್ಲಿ ಧೂಪದಾಳದ ಒಡ್ಡು ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿಯಿತು. ಆದರೆ ಆ ಕಾಲುವೆಯ ನೀರು ಹಿಂಗಾರಿ ಬೆಳೆಗೆ ಒಂದೆರಡು ಸಲ ಕೊಡುವಷ್ಟೇ ಆಗಿ, ಸುಗ್ಗಿಯ ಕ್ರಮವನ್ನು ಕೆಡಿಸಲಿಲ್ಲ. ಅದಕ್ಕೆ ಬಲ ಬಂದದ್ದು 1977ರಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯ ಮುಗಿದ ಮೇಲೆ. 51 ಟಿಎಂಸಿ ನೀರು ನಿಲ್ಲುವ ಅಣೆಕಟ್ಟು. ಅದರ ಹಿನ್ನೀರಿನಲ್ಲಿ ಹಳ್ಳಿಗಳು, ಅವುಗಳ ಕಣಗಳು ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದರೆ ಹುನ್ನೂರಿನ ವಿಠ್ಠಲನ ಗುಡಿ ಮೇಲೆದ್ದು ಕಾಣುತ್ತದೆ. ಜನ ಅದನ್ನು ನೋಡಲು ಹೋಗುತ್ತಾರೆ. ನಮ್ಮ ಹೊಲಕ್ಕೆ ನೀರು ಬಂದದ್ದು ಯಾರ ಹೊಲ ಮುಳುಗಿದ ಮೇಲೆ ಎಂಬುದನ್ನು ಅಲ್ಲಿ ನಿಂತಾಗಲಾದರೂ ನೆನೆಯಬೇಕು.

ಅದೇ ಹೊತ್ತಿಗೆ ಇನ್ನೆರಡು ಸಂಗತಿಗಳು ಕೂಡಿಬಂದವು. 1969ರಲ್ಲಿಯೇ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆಗಿತ್ತು. ದೇಶದಲ್ಲಿ ಅಂಥವು ಕೈಬೆರಳೆಣಿಕೆಯಷ್ಟು. ಸೋದರಮಾವನ ಬಾವಿಗೆ ನಮಗಿಂತ ಮೊದಲೇ ಪಂಪು ಕೂತಿತು. ಇನ್ನೊಂದು, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ. ಅಜ್ಜ ಹೆಬ್ಬೆಟ್ಟು ಒತ್ತಿ ಏಳನೆಯ ನಮೂನೆಯ ಅರ್ಜಿ ಹಾಕಿದ. ವರ್ಷಗಟ್ಟಲೆ ಓಡಾಡಿದ ಮೇಲೆ ಪಾಲಿನ ಹೊಲ ನಮ್ಮ ಹೆಸರಿಗೆ ಆಯಿತು. ಆ ಸಲದ ರಾಶಿಯ ಮೇಲೆ ಬೂದಿಯ ಗೆರೆ ಬೀಳಲಿಲ್ಲ. ಅಜ್ಜ ರಾಶಿಯ ಸುತ್ತ ಸುಮ್ಮನೆ ಸುತ್ತು ಹಾಕಿದ್ದು ನನಗೆ ಕಣ್ಣಿಗೆ ಕಟ್ಟಿದೆ.

ನಮ್ಮದೇ ಆದ ಆ ಹೊಲದಲ್ಲಿ ಜೋಳ ಬೆಳೆದದ್ದು ಕೆಲವೇ ವರ್ಷ. ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು. ಮೊದಲು ಎರಡು ಎಕರೆ, ಆಮೇಲೆ ಎಲ್ಲವೂ. ಅಪ್ಪನ ಲೆಕ್ಕ ತಪ್ಪಾಗಿರಲಿಲ್ಲ. ಜೋಳಕ್ಕೆ ಬೆಲೆಯಿಲ್ಲ. ಕಬ್ಬಿಗೆ ಕಾರ್ಖಾನೆ ಇದೆ, ಸಾಲ ಸಿಗುತ್ತದೆ, ಒಮ್ಮೆ ನೆಟ್ಟರೆ ಕುಳೆ ಬರುತ್ತದೆ, ಹಕ್ಕಿ ಕಾಯಬೇಕಿಲ್ಲ. ನನ್ನ ಕಾಲೇಜಿನ ಫೀಯನ್ನು ಕಟ್ಟಿದ್ದು ಕಬ್ಬಿನ ಬಿಲ್ಲೇ. ತಂಗಿ ಹತ್ತನೆಯ ತರಗತಿ ಮುಗಿಸಿದ್ದು ಮಾಘದಲ್ಲಿ ತೆನೆ ಕೊಯ್ಯುವ ಕೆಲಸ ಇಲ್ಲವಾದ್ದರಿಂದ. ಇದನ್ನು ಮರೆತು ಕಬ್ಬನ್ನು ಬೈಯುವ ಹಕ್ಕು ನನಗಿಲ್ಲ.

ಆದರೆ ಒಂದೊಂದಾಗಿ ಉಳಿದವು ಹೋದವು. ಮೇವಿಲ್ಲದೆ ಎತ್ತು ಹೋದವು. ಎತ್ತು ಹೋದ ಮೇಲೆ ಬಡಿಗನಿಗೆ, ಮಿಣಿ ಹೊಲಿಯುವವನಿಗೆ ಕೆಲಸವಿಲ್ಲ, ಆಯವಿಲ್ಲ. ಅಕ್ಕಡಿ ಸಾಲಿಲ್ಲದೆ ಆಯಿಯ ಗಡಿಗೆಗಳು ಅಟ್ಟ ಸೇರಿದವು. ಜೋಳ ಇಡುವ ಹಗೇವು ನಮ್ಮ ಅಂಗಳದಲ್ಲಿತ್ತು. ತೆರೆದ ದಿನ ಮೊದಲು ದೀಪ ಇಳಿಸಿ, ದೀಪ ಆರಿದರೆ ಯಾರನ್ನೂ ಕೆಳಗೆ ಬಿಡುತ್ತಿರಲಿಲ್ಲ. ಸುತ್ತಲಿನ ಹೊಲಕ್ಕೆಲ್ಲ ನೀರು ಬಂದ ಕೆಲ ವರ್ಷಗಳಲ್ಲಿ ಅದರ ಗೋಡೆಗೆ ತೇವ ಬಂತು. ಒಂದು ಸಲ ಕಾಳು ಕಪ್ಪಾಗಿ ಹೊರಬಂದವು. ಮುಚ್ಚಿಬಿಟ್ಟೆವು. ಕಾಲುವೆಯ ಕೆಳಗಿನ ಹೊಲಗಳಲ್ಲಿ ಸವಳು ಜವಳು ಕಾಣಿಸಿಕೊಂಡು ಬಿಳಿ ಉಪ್ಪು ಎದ್ದಾಗ ನನಗೆ ಆ ಹಗೇವೇ ನೆನಪಾಯಿತು. ನೆಲ ನಮಗೆ ಮೊದಲೇ ಹೇಳಿತ್ತು.

ಲೆಕ್ಕ ಮಾಡುವ ರೀತಿಯೂ ಬದಲಾಯಿತು. ಕಬ್ಬಿಗೆ ಕಣವಿಲ್ಲ. ಕಾರ್ಖಾನೆಯ ತೂಕದ ಕಾಟಾ ಇದೆ, ಒಬ್ಬನ ಹೆಸರಿನ ಚೀಟಿ ಇದೆ. ಹದಿನಾಲ್ಕು ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಾವು ಒಂದು ವರ್ಷದ ಬಿಲ್ಲಿಗೆ ಮುಂದಿನ ವರ್ಷದವರೆಗೆ ಕಾದದ್ದಿದೆ. ಹಲವು ಬೆಳೆಯ ಹೊಲದಲ್ಲಿ ಒಂದಲ್ಲ ಒಂದು ತಿಂಗಳಿಗೆ ಏನೋ ಕೈಗೆ ಬರುತ್ತಿತ್ತು. ಈಗ ವರ್ಷಕ್ಕೊಂದೇ ಬಾಗಿಲು, ಅದರ ಕೀಲಿ ಬೇರೆಯವರ ಕೈಯಲ್ಲಿ. 2025ರ ನವೆಂಬರಿನಲ್ಲಿ ನಮ್ಮ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ಹಗಲುರಾತ್ರಿ ಧರಣಿ ಕೂತಾಗ, ಅಲ್ಲಿ ನಮ್ಮ ಶಾಲೆಯ ಎರಡು ತಲೆಮಾರಿನ ಹುಡುಗರನ್ನು ಕಂಡೆ. 3,300ಕ್ಕೆ ಮಾತು ನಿಂತಿತು.

ಸುಗ್ಗಿಯ ದುಡಿಮೆಯಾದರೂ ಎಲ್ಲಿ ಹೋಯಿತು? ಅದು ಹೋಗಿಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರದ ಕಡೆಯಿಂದ ಗ್ಯಾಂಗುಗಳು ಬರುತ್ತವೆ. ಮೊದಲೇ ಮುಂಗಡ ಪಡೆದು ಬಂದವರು. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದೇ ‘ಕೊಯ್ತಾ’. ನಸುಕಿನಲ್ಲಿ ಕಡಿಯುವವಳು ಅವಳು, ಕಟ್ಟು ಹೊತ್ತು ಗಾಡಿಗೆ ಏರಿಸುವವಳು ಅವಳು, ಎಣಿಕೆಯಲ್ಲಿ ಮಾತ್ರ ಅವಳಿಲ್ಲ. ನಮ್ಮ ಕಣದಲ್ಲಿ ಹೆಂಗಸಿಗೆ ಕೊಟ್ಟದ್ದು ಕಡಿಮೆಯೇ, ಆದರೂ ಅವಳ ಸೆರಗಿಗೆ ಬಿದ್ದ ಕಾಳು ಅವಳದ್ದಾಗಿತ್ತು.

ಹೋದ ಹಂಗಾಮಿನಲ್ಲಿ ನಮ್ಮ ಹೊಲದ ಬದುವಿನಲ್ಲಿ ಅಂಥ ಜೋಪಡಿಯೊಂದರ ಮುಂದೆ ಹನ್ನೆರಡು ಹದಿಮೂರರ ಹುಡುಗಿಯೊಬ್ಬಳು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಕೂತಿದ್ದಳು. ಯಾವ ತರಗತಿ ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ಆರನೆಯದು ಎಂದಳು. ಶಾಲೆ ಎಲ್ಲಿ ಎಂದರೆ ಊರಲ್ಲಿ ಎಂದಳು. ದೀಪಾವಳಿಗೆ ಬಿಟ್ಟವಳು ಯುಗಾದಿಗೆ ಹೋಗುತ್ತಾಳೆ. ಅವಳ ಊರಿನ ಯಾವುದೋ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಐದು ತಿಂಗಳು ಖಾಲಿ ಇರಬೇಕು. ನಮ್ಮ ಪುಸ್ತಕದಿಂದ ಅಳಿಸಿದ ‘ಸುಗ್ಗಿ’ ಎಂಬ ಷರಾ ಅಲ್ಲಿಗೆ ಹೋಗಿದೆ. ನಮ್ಮ ಶಾಲೆಯ ಕಾಂಪೌಂಡಿನಿಂದ ಆ ಜೋಪಡಿ ಕೂಗಳತೆಯ ದೂರ. ಹಂಗಾಮಿನ ಐದು ತಿಂಗಳಾದರೂ ಇಂಥ ಮಕ್ಕಳನ್ನು ನಮ್ಮೂರ ಶಾಲೆಗಳಲ್ಲಿ ಕೂರಿಸಿಕೊಳ್ಳುವ ಬಗ್ಗೆ ಮಾತಾಡೋಣವೆಂದು ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಹೇಳಿದ್ದೇನೆ. ಇಲ್ಲಿಯೂ ಬರೆದಿಡುತ್ತೇನೆ.

ಇನ್ನೊಂದು ವಿನಂತಿ. ಕೊಳಗ, ಸೇರು, ಅಚ್ಚೇರು, ಕೂರಿಗೆಯ ಬಟ್ಟಲು, ಎತ್ತಿನ ಕೊರಳ ಗೆಜ್ಜೆ, ಇವು ಯಾರ ಅಟ್ಟದ ಮೇಲಾದರೂ ಇದ್ದರೆ ಗುಜರಿಗೆ ಹಾಕಬೇಡಿ. ಶಾಲೆಯ ವಾಚನಾಲಯದಲ್ಲಿ ಅವಕ್ಕೊಂದು ಕಪಾಟು ಕೊಡಲು ಮುಖ್ಯಾಧ್ಯಾಪಕರು ಒಪ್ಪಿದ್ದಾರೆ. ಹಂತಿಯ ಪದ ಬಲ್ಲ ಹಿರಿಯರು ಊರಲ್ಲಿ ಇನ್ನೂ ಇಬ್ಬರಿದ್ದಾರೆ. ಒಬ್ಬರಿಗೆ ಕಿವಿ ಕೇಳುವುದಿಲ್ಲ, ಪದ ಮಾತ್ರ ಪೂರಾ ನೆನಪಿದೆ. ಯಾರಾದರೂ ಹುಡುಗರು ಮೊಬೈಲು ಹಿಡಿದುಕೊಂಡು ಈ ಬೇಸಿಗೆಯೊಳಗೆ ಅವರ ಮನೆಗೆ ಹೋಗಿ ಬರಬೇಕು.