ಕೊಪ್ಪೆಯಿಂದ ತೊಟ್ಟೆಯವರೆಗೆ

ಜುಲೈ ಬಂತು ಅಂದರೆ ಬಹ್ರೇನಿನ ಇಂಡಿಯನ್ ಸ್ಕೂಲುಗಳಿಗೆ ರಜೆ, ಊರಿನಲ್ಲಿ ಆಷಾಢದ ಮಳೆ. ಇಲ್ಲಿ ವರ್ಷಪೂರ್ತಿ ಬೀಳುವ ಮಳೆ 100 ಮಿಲಿಮೀಟರಿಗೂ ಕಡಿಮೆ. ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು. ಈ ಒಣ ದ್ವೀಪದಿಂದ ಆ ಒದ್ದೆ ನಾಡಿಗೆ ಹೋಗಿ ಇಳಿದ ನಾಲ್ಕನೇ ದಿನಕ್ಕೆ ಚಿಕ್ಕಪ್ಪನ ಮಕ್ಕಳೋ ಅತ್ತೆಯ ಮಕ್ಕಳೋ "ಬೆಟ್ಟ ಹತ್ತೋಣ, ಬರ್ತೀಯಾ?" ಅಂತ ಕೇಳುತ್ತಾರೆ. ನೀವು ಬ್ಯಾಗು ತುಂಬಿಸಲು ಕೂರುತ್ತೀರಿ. ಆಗ ಯಾರಾದರೂ ಒಬ್ಬರು ಸಲಹೆ ಕೊಟ್ಟೇ ಕೊಡುತ್ತಾರೆ: "ಬ್ಯಾಗಿನ ಒಳಗೆ ದೊಡ್ಡ ಪ್ಲಾಸ್ಟಿಕ್ ಕವರ್ ಹಾಕು, ಅದರೊಳಗೆ ಬಟ್ಟೆ ಇಡು. ಒಂದು ಹನಿ ನೀರೂ ಹೋಗಲ್ಲ."

ಸಲಹೆ ಸರಿಯಾಗಿಯೇ ಇದೆ. ಆದರೆ ಎರಡನೇ ದಿನ ಆ ಕವರಿನ ಬಾಯಿ ಬಿಚ್ಚಿದಾಗ ಮೂಗಿಗೆ ಬಡಿಯುವ ವಾಸನೆ ಬೇರೆಯದೇ ಕತೆ ಹೇಳುತ್ತದೆ. ಹೊರಗಿನಿಂದ ಒಂದು ಹನಿಯೂ ಒಳಗೆ ಬಂದಿಲ್ಲ, ಆದರೂ ಬಟ್ಟೆ ನಾರುತ್ತಿದೆ. ಇದು ಯಾಕೆ ಹೀಗೆ? ನಮ್ಮ ಹಿರಿಯರು ಇಂಥ ಮಳೆಯಲ್ಲಿ ತಿಂಗಳುಗಟ್ಟಲೆ ಓಡಾಡಿಕೊಂಡಿದ್ದರಲ್ಲ, ಅವರು ಏನು ಮಾಡುತ್ತಿದ್ದರು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಮಗೆ ಮೊದಲು ಸಿಗುವುದು ನೀವು ಈಗ ವಾಸವಾಗಿರುವ ದ್ವೀಪವೇ.

ದಿಲ್ಮುನ್‌ನ ಬುಟ್ಟಿ

ಸುಮಾರು 4,000 ವರ್ಷಗಳ ಹಿಂದೆ ಬಹ್ರೇನ್ ದಿಲ್ಮುನ್ ನಾಗರಿಕತೆಯ ಕೇಂದ್ರವಾಗಿತ್ತು. ಮೆಸೊಪೊಟೇಮಿಯಾಕ್ಕೂ ಸಿಂಧೂ ಕಣಿವೆಗೂ ನಡುವೆ ನಡೆಯುತ್ತಿದ್ದ ಸಮುದ್ರ ವ್ಯಾಪಾರಕ್ಕೆ ಇದು ತಂಗುದಾಣ. ನೀವು ರಜೆಯ ದಿನ ಸುತ್ತಾಡಲು ಹೋಗುವ ಕಲಾತ್ ಅಲ್ ಬಹ್ರೇನ್ ಕೋಟೆ ಇದೆಯಲ್ಲ, 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದು, ಅದರ ಅಡಿಯಲ್ಲಿ ಇರುವುದು ಆ ಕಾಲದ ಪಟ್ಟಣ. ಇಲ್ಲಿನ ದಿಲ್ಮುನ್ ಕಾಲದ ನೆಲೆಗಳಲ್ಲಿ ಬಿಟುಮೆನ್ ಬಳಿದ ಬುಟ್ಟಿಗಳ ಅವಶೇಷಗಳು ಸಿಕ್ಕಿವೆ. ಬಿಟುಮೆನ್ ಅಂದರೆ ನೆಲದಿಂದ ತಾನಾಗಿ ಒಸರುವ ಕಪ್ಪು ಅಂಟು, ನಮ್ಮ ರಸ್ತೆಯ ಡಾಂಬರಿನ ಬಳಗಕ್ಕೆ ಸೇರಿದ್ದು. ಹೆಣೆದ ಬುಟ್ಟಿಗೆ ಅದನ್ನು ಬಳಿದರೆ ನೀರು ಸೋರುವುದಿಲ್ಲ. ದೋಣಿಗಳಿಗೂ ಅದನ್ನೇ ಬಳಿಯುತ್ತಿದ್ದರು.

ಅಂದರೆ ಹೊರುವ ಸಾಮಾನಿಗೆ ನೀರು ತಾಗದಂತೆ ಪದರ ಕೊಡುವ ಉಪಾಯ ಈ ದ್ವೀಪಕ್ಕೆ ಹೊಸದೇನಲ್ಲ. ಆ ಪದರವೂ ಒಂದು ಲೆಕ್ಕದಲ್ಲಿ ಪೆಟ್ರೋಲಿಯಂ. ಆಗ ಅದು ಹೊರಗಿನಿಂದ ಬರಬೇಕಿತ್ತು. ದ್ವೀಪದ ಸ್ವಂತ ಪೆಟ್ರೋಲಿಯಂ ಹೊರಬಂದದ್ದು 1932ರಲ್ಲಿ, ಜೆಬೆಲ್ ದುಖಾನ್ ಬೆಟ್ಟದ ಬುಡದಲ್ಲಿ. ಕೊಲ್ಲಿಯ ಅರಬ್ ಕರಾವಳಿಯಲ್ಲಿ ತೈಲ ಸಿಕ್ಕಿದ ಮೊದಲ ಜಾಗ ಅದೇ. ಸುಮಾರು 134 ಮೀಟರ್ ಎತ್ತರದ ಈ ಗುಡ್ಡವೇ ಬಹ್ರೇನಿನ ಅತಿ ಎತ್ತರದ ತಾಣ. ದುಖಾನ್ ಅಂದರೆ ಹೊಗೆ. ಗಾಳಿಯಲ್ಲಿ ತೇವ ಹೆಚ್ಚಾದ ದಿನಗಳಲ್ಲಿ ಗುಡ್ಡದ ಸುತ್ತ ಮಬ್ಬು ಕವಿಯುವುದರಿಂದ ಈ ಹೆಸರು ಬಂತಂತೆ. ಮಳೆ ಇಲ್ಲದ ಈ ದ್ವೀಪದಲ್ಲೂ ತೇವಕ್ಕೆ ಬರವಿಲ್ಲ ಅನ್ನುವುದು ಆಗಸ್ಟಿನಲ್ಲಿ ಇಲ್ಲಿ ಬಸ್ಸಿಗೆ ಕಾದವರಿಗೆಲ್ಲ ಗೊತ್ತು.

ಊರಿನ ಕೊಪ್ಪೆ

ಈಗ ಊರಿಗೆ ಬರೋಣ. ಪ್ಲಾಸ್ಟಿಕ್ ಬರುವ ಮೊದಲು ಮಲೆನಾಡು, ಕರಾವಳಿಯ ಜನ ಮಳೆಗೆ ಒಡ್ಡುತ್ತಿದ್ದದ್ದು ಎಲೆ, ಹಾಳೆ, ಉಣ್ಣೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರ ಬೆನ್ನ ಮೇಲೆ ಗೊರಬು ಇರುತ್ತಿತ್ತು. ಅದು ಬಿದಿರಿನ ಹೆಣಿಗೆಗೆ ಒಣ ಎಲೆ ಹೊದಿಸಿ ಮಾಡಿದ್ದು, ದೋಣಿಯನ್ನು ಬೋರಲು ಹಾಕಿದಂಥ ಆಕಾರ. ತುಳುನಾಡಿನಲ್ಲಿ ಅಡಿಕೆ ಹಾಳೆಯಿಂದ ಮಾಡಿದ ಟೊಪ್ಪಿ ಇತ್ತು, ಹೆಸರು ಮುಟ್ಟಾಳೆ. ಇನ್ನು ಕಂಬಳಿ ಕೊಪ್ಪೆ. ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಗೆ ಸಿಕ್ಕಿಸಿಕೊಂಡರೆ ತಲೆಯಿಂದ ಮೊಣಕಾಲಿನವರೆಗೆ ಮುಚ್ಚುತ್ತದೆ. ಆ ಮಡಿಕೆಗೇ ಕೊಪ್ಪೆ ಅನ್ನುತ್ತಾರೆ.

ಈ ಕಂಬಳಿ ನೇಯುತ್ತಿದ್ದವರು ಹೆಚ್ಚಾಗಿ ಬಯಲುಸೀಮೆಯ ಕುರುಬರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಇವತ್ತಿಗೂ ಕಂಬಳಿಗೆ ಹೆಸರಾದ ಊರು. ದಖನಿ ಕುರಿಯ ಒರಟು ಉಣ್ಣೆಯನ್ನು ಕೈಯಲ್ಲಿ ನೂತು, ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿ ನೇಯುತ್ತಾರೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದಾಗ ಒದ್ದೆ ಅನಿಸುವುದಿಲ್ಲ. ಜೋರು ಮಳೆ ಹೊತ್ತುಗಟ್ಟಲೆ ಹೊಡೆದರೆ ಅದೂ ನೆನೆದು ಭಾರವಾಗುತ್ತದೆ, ಅದು ಬೇರೆ ಮಾತು.

ಇವುಗಳಲ್ಲಿ ಯಾವುದೂ ನೀರನ್ನು ಪೂರ್ತಿ ತಡೆಯುತ್ತಿರಲಿಲ್ಲ. ಆದರೆ ಎಲ್ಲದಕ್ಕೂ ಒಂದು ಸಮಾನ ಗುಣ ಇತ್ತು: ಗಾಳಿ ಆಡುತ್ತಿತ್ತು. ಗೊರಬಿನ ಕೆಳಗೆ ಬೆನ್ನಿಗೂ ಎಲೆಗೂ ನಡುವೆ ಜಾಗ ಇರುತ್ತಿತ್ತು. ಕಂಬಳಿಯ ನೂಲಿನ ಸಂದಿನಲ್ಲಿ ಬೆವರಿನ ಆವಿ ಹೊರಗೆ ಹೋಗುತ್ತಿತ್ತು. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯನ್ನು ಒಲೆಯ ಮೇಲಿನ ಬಿದಿರಿಗೋ ಬಚ್ಚಲ ಮನೆಯ ಹಂಡೆಯ ಹತ್ತಿರವೋ ಹರವುತ್ತಿದ್ದರು. ಹೊಗೆಯ ವಾಸನೆ ಹಿಡಿಯುತ್ತಿತ್ತು ನಿಜ, ಆದರೆ ಮುಗ್ಗಲು ಹಿಡಿಯುತ್ತಿರಲಿಲ್ಲ.

ಮುಗ್ಗಲು. ಕನ್ನಡ ಕಲಿಯುತ್ತಿರುವವರು ಈ ಪದವನ್ನು ಬರೆದಿಟ್ಟುಕೊಳ್ಳಿ. ತೇವ ಉಳಿದುಕೊಂಡು, ಗಾಳಿ ಇಲ್ಲದೆ, ನಿಧಾನವಾಗಿ ಕೆಡುತ್ತಿರುವ ವಸ್ತುವಿನ ವಾಸನೆ ಅದು. ಬೆವರು ನಾತ ಬೇರೆ, ಕಮಟು ಬೇರೆ. ಎಣ್ಣೆ ಹಳತಾದರೆ ಕಮಟು, ಅಕ್ಕಿ ಮೂಟೆಗೆ ತೇವ ತಾಗಿದರೆ ಮುಗ್ಗಲು. ಇಷ್ಟು ವಿಂಗಡಣೆ ಇದೆ ಅಂದರೆ ಅದನ್ನು ಮಾಡಿದ ಜನ ಇದರ ಜೊತೆ ಎಷ್ಟು ಏಗಿರಬೇಕು ಯೋಚಿಸಿ.

ನೀರನ್ನು ಪೂರ್ತಿ ತಡೆದಾಗ

ನೀರನ್ನು ಸಂಪೂರ್ಣ ತಡೆಯುವ ಬಟ್ಟೆಯ ಕನಸು ಕಂಡವರು ಜಗತ್ತಿನಲ್ಲಿ ಬಹಳ ಜನ. 1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಹಚ್ಚಿ ಮಳೆ ಕೋಟಿಗೆ ಪೇಟೆಂಟ್ ಪಡೆದ. ನೀರೇನೋ ನಿಂತಿತು. ಆದರೆ ಆ ಮೊದಲ ಕೋಟುಗಳು ಬಿಸಿಲಿಗೆ ಅಂಟಂಟಾಗುತ್ತಿದ್ದವು, ರಬ್ಬರಿನ ವಾಸನೆ ಹೊಡೆಯುತ್ತಿದ್ದವು, ಒಳಗಿದ್ದವರು ಬೆವರಿನಲ್ಲಿ ತೊಯ್ಯುತ್ತಿದ್ದರು. ನೀರು ಹೊರಗೆ ನಿಂತರೆ ಬೆವರು ಒಳಗೆ ನಿಲ್ಲುತ್ತದೆ ಅನ್ನುವ ಪಾಠ ಆಗಲೇ ಸಿಕ್ಕಿತ್ತು.

ಬಹ್ರೇನಿನಲ್ಲಿ ತೈಲ ಸಿಕ್ಕಿದ ಮರುವರ್ಷ, 1933ರ ಮಾರ್ಚಿನಲ್ಲಿ, ಇಂಗ್ಲೆಂಡಿನ ನಾರ್ತ್‌ವಿಚ್ ಹತ್ತಿರದ ಐಸಿಐ ಪ್ರಯೋಗಾಲಯದಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಥಿಲೀನ್ ಅನಿಲದ ಮೇಲೆ ಭಾರೀ ಒತ್ತಡ ಹಾಕಿ ಇನ್ನೇನೋ ಮಾಡಲು ಹೋಗಿದ್ದರು. ಪಾತ್ರೆಯಲ್ಲಿ ಮೇಣದಂಥ ಬಿಳಿ ವಸ್ತು ಉಳಿಯಿತು. ಅದೇ ಪಾಲಿಥೀನ್. ಎರಡನೇ ಮಹಾಯುದ್ಧದಲ್ಲಿ ಅದು ರೇಡಾರ್ ತಂತಿಗಳ ಹೊದಿಕೆಯಾಯಿತು. ಯುದ್ಧ ಮುಗಿದ ಮೇಲೆ ಅಡುಗೆಮನೆಗೆ ಬಂತು. 1965ರಲ್ಲಿ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ರೂಪಿಸಿದ, ಬನಿಯನ್ನಿನಂತೆ ಎರಡು ಹಿಡಿ ಇರುವ ಚೀಲಕ್ಕೆ ಪೇಟೆಂಟ್ ಸಿಕ್ಕಿತು. ಬೆಂಗಳೂರಿನವರ ಬಾಯಲ್ಲಿ ಅದು ಕವರ್, ಮಂಗಳೂರು ಕಡೆಯವರ ಬಾಯಲ್ಲಿ ತೊಟ್ಟೆ.

ನಮ್ಮ ಹಳ್ಳಿಗಳಿಗೆ ಮಾತ್ರ ತೊಟ್ಟೆಗಿಂತ ಮೊದಲು ಬಂದದ್ದು ಗೊಬ್ಬರದ ಚೀಲ. ಮಂಗಳೂರಿನ ಪಣಂಬೂರಿನಲ್ಲಿ ರಸಗೊಬ್ಬರ ಕಾರ್ಖಾನೆ 1976ರಲ್ಲಿ ಉತ್ಪಾದನೆ ಶುರುಮಾಡಿತು. ಯೂರಿಯಾ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಅದಕ್ಕಾಗಿ ಚೀಲದ ಒಳಗೆ ಪಾಲಿಥೀನ್ ಪದರ ಇರುತ್ತಿತ್ತು. ಗೊಬ್ಬರ ಖಾಲಿಯಾದ ಮೇಲೆ ರೈತರು ಆ ಪದರವನ್ನು ತೊಳೆದು, ಒಂದು ಬದಿ ಸೀಳಿ, ತಲೆಗೆ ಹಾಕಿಕೊಂಡರು. ಕಂಬಳಿ ಕೊಪ್ಪೆಯ ಜಾಗಕ್ಕೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಹಗುರ, ಪುಕ್ಕಟೆ, ನೀರು ಇಳಿಯುವುದಿಲ್ಲ. ಮಡಿಕೆ ಹಳೆಯದು, ವಸ್ತು ಹೊಸದು. ಅದೇ ದಶಕದಲ್ಲಿ ಮಂಗಳೂರು, ಉಡುಪಿ ಕಡೆಯ ಹುಡುಗರು ದೊಡ್ಡ ಸಂಖ್ಯೆಯಲ್ಲಿ ಕೊಲ್ಲಿ ದೇಶಗಳಿಗೆ ಹೊರಟರು. ನಿಮ್ಮಲ್ಲಿ ಕೆಲವರ ಅಜ್ಜನೋ ಅಪ್ಪನೋ ಆ ಹುಡುಗರ ಗುಂಪಿನಲ್ಲಿ ಇದ್ದಿರಬಹುದು. ಎಣ್ಣೆಯಿಂದ ಬಂದ ವಸ್ತು ಊರಿನ ಗದ್ದೆಗೆ ಹೋಯಿತು, ಗದ್ದೆಯ ಹುಡುಗ ಎಣ್ಣೆಯ ದ್ವೀಪಕ್ಕೆ ಬಂದ.

ವಾಸನೆ ಎಲ್ಲಿಂದ ಬರುತ್ತದೆ?

ಈಗ ನಮ್ಮ ಮೊದಲ ಪ್ರಶ್ನೆ. ಆಗಷ್ಟೇ ಬಂದ ಬೆವರಿಗೆ ಹೆಚ್ಚುಕಡಿಮೆ ವಾಸನೆ ಇರುವುದಿಲ್ಲ. ಚರ್ಮದ ಮೇಲೆ, ಬಟ್ಟೆಯ ಮೇಲೆ ಇರುವ ಬ್ಯಾಕ್ಟೀರಿಯಾ ಅದನ್ನು ತಿಂದು ಒಡೆದಾಗ ನಾತ ಹುಟ್ಟುತ್ತದೆ. ಅವಕ್ಕೆ ಬೇಕಾದದ್ದು ತೇವ, ಬೆಚ್ಚಗಿನ ಜಾಗ, ಸ್ವಲ್ಪ ಸಮಯ. ಬೆವರಿದ ಟೀಶರ್ಟನ್ನು ಕವರಿನೊಳಗೆ ತುರುಕಿ, ಬಾಯಿ ಕಟ್ಟಿ, ಬೆನ್ನ ಬಿಸಿಗೆ ಒತ್ತಿಕೊಂಡು ಐದು ಗಂಟೆ ನಡೆದರೆ ಮೂರನ್ನೂ ನೀವೇ ಒದಗಿಸಿಕೊಟ್ಟಂತೆ. ಅದರಲ್ಲೂ ಪಾಲಿಯೆಸ್ಟರ್ ಟೀಶರ್ಟು ಹತ್ತಿ, ಉಣ್ಣೆಗಿಂತ ಹೆಚ್ಚು ನಾತ ಹಿಡಿಯುತ್ತದೆ.

ಇನ್ನೊಂದು ವಿಚಾರ ಇದೆ. ಪ್ಲಾಸ್ಟಿಕ್ ನೀರನ್ನು ತಡೆಯುತ್ತದೆ, ವಾಸನೆಯನ್ನು ಅಷ್ಟಾಗಿ ತಡೆಯುವುದಿಲ್ಲ. ಅನುಮಾನ ಇದ್ದರೆ ಇಂಗನ್ನು ಎರಡು ಕವರಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟು ನೋಡಿ. ಮನಾಮಾ ತಲುಪುವ ಹೊತ್ತಿಗೆ ಸೀರೆಗಳೆಲ್ಲ ಒಗ್ಗರಣೆಯ ವಾಸನೆ ಬರುತ್ತಿರುತ್ತವೆ. ಪಾಲಿಥೀನ್ ಮೇಣ, ಎಣ್ಣೆಗಳ ಸಂಬಂಧಿ. ನೀರು ಅದಕ್ಕೆ ಹೊಂದುವುದಿಲ್ಲ. ಆದರೆ ವಾಸನೆಯ ಬಹಳಷ್ಟು ಕಣಗಳು ಎಣ್ಣೆಯ ಸ್ವಭಾವದವು. ಅವು ಆ ತೆಳು ಹಾಳೆಯೊಳಗೆ ಬೆರೆತು ಆಚೆ ಬದಿಯಿಂದ ಹೊರಬರುತ್ತವೆ. ಸ್ಟೀಲ್ ಡಬ್ಬಿ, ಗಾಜಿನ ಬಾಟಲಿ ಹಾಗಲ್ಲ. ಅಜ್ಜಿ ಇಂಗನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತಿದ್ದದ್ದು ಸುಮ್ಮನೆ ಅಲ್ಲ.

ಬಟ್ಟೆಗೆ ಅವರು ಮಾಡುತ್ತಿದ್ದದ್ದು ಎರಡು ಹಂತದ ಕೆಲಸ: ಮೊದಲು ಪೂರ್ತಿ ಒಣಗಿಸುವುದು, ಆಮೇಲೆ ಪರಿಮಳ. ಪೆಟ್ಟಿಗೆಯಲ್ಲಿ ಲಾವಂಚದ ಬೇರು, ಒಣಗಿದ ಬೇವಿನ ಎಲೆ, ನಂತರದ ಕಾಲದಲ್ಲಿ ನುಸಿ ಗುಳಿಗೆ. ನಿಮ್ಮ ಬಹ್ರೇನಿ ನೆರೆಮನೆಯವರು ಒಗೆದು ಒಣಗಿದ ಬಟ್ಟೆಗೆ ಬಖೂರ್ ಹೊಗೆ ಹಿಡಿಯುವುದೂ ಇದೇ ಕ್ರಮ. ಒದ್ದೆ ಬಟ್ಟೆಗೆ ಸುಗಂಧ ಹೊಡೆದರೆ ಮುಗ್ಗಲಿಗೆ ಅತ್ತರು ಸೇರಿದಂತಾಗುತ್ತದೆ, ಅಷ್ಟೆ.

ಹಾಗಾದರೆ ಬ್ಯಾಗು ತುಂಬಿಸುವುದು ಹೇಗೆ?

ಪ್ಲಾಸ್ಟಿಕ್ ಪದರ ಬೇಕು. ಹೊರಗಿನಿಂದ ಹಾಕುವ ಮಳೆ ಕವಚ ಒಂದೇ ಸಾಲುವುದಿಲ್ಲ. ನೀರು ನಿಮ್ಮ ಕುತ್ತಿಗೆಯಿಂದ ಬೆನ್ನಿಗೆ ಇಳಿದು, ಪಟ್ಟಿಯ ಹೊಲಿಗೆಯಿಂದ ಒಳಗೆ ಹೋಗುತ್ತದೆ. ದಪ್ಪನೆಯ ದೊಡ್ಡ ಚೀಲ ಒಂದನ್ನು ಬ್ಯಾಗಿನ ಒಳಗೆ ಬಿಡಿಸಿ ಹಾಕಿ. ಅದರೊಳಗೆ ಒಣಗಿದ್ದು ಮಾತ್ರ: ರಾತ್ರಿಯ ಬಟ್ಟೆ, ಮಲಗುವ ಚೀಲ, ಕಾಲುಚೀಲ. ಗಾಳಿ ಹೊರಗೆ ಒತ್ತಿ, ಬಾಯಿಯನ್ನು ತಿರುಚಿ, ಮಡಚಿ ಕಟ್ಟಿ. ಒದ್ದೆಯಾದದ್ದು ಎಷ್ಟೇ ಚಿಕ್ಕದಿದ್ದರೂ ಇದರೊಳಗೆ ಬರಕೂಡದು. ಅದಕ್ಕೆ ಬೇರೆ ಚೀಲ, ಬಾಯಿ ಸಡಿಲವಾಗಿ, ಬ್ಯಾಗಿನ ಮೇಲ್ಭಾಗದಲ್ಲಿ. ನಿಂತ ಕಡೆಯಲ್ಲೆಲ್ಲ ಅದನ್ನು ತೆಗೆದು, ಹಿಂಡಿ, ಗಾಳಿಗೆ ಒಡ್ಡಿ. ಊಟ, ಉಪ್ಪಿನಕಾಯಿ, ಒಣಮೀನು ಏನೇ ಇರಲಿ, ಬಟ್ಟೆಯಿಂದ ದೂರ, ಸ್ಟೀಲ್ ಡಬ್ಬಿಯಲ್ಲಿ. ತೆಳು ಕವರಿನ ಊಟದ ವಾಸನೆ ನಿಮ್ಮ ಮೂಗಿಗಿಂತ ಮೊದಲು ಕಾಡಿನ ಕೋತಿಯ ಮೂಗಿಗೆ ತಲುಪುತ್ತದೆ.

ಬಹ್ರೇನಿಗೆ ಮರಳಿದ ಮೇಲೆ ಬ್ಯಾಗನ್ನು ಹಾಗೇ ಕಪಾಟಿಗೆ ಸೇರಿಸಬೇಡಿ. ಸಾಬೂನಿನಲ್ಲಿ ಒರೆಸಿ, ನೆರಳಲ್ಲಿ ಬಾಯಿ ತೆರೆದು ಒಣಗಿಸಿ. ಬಿಸಿ ಮತ್ತು ತೇವ ಸೇರಿದರೆ ಬ್ಯಾಗಿನ ಒಳಲೇಪ ಕೆಲವು ವರ್ಷಗಳಲ್ಲಿ ಅಂಟಾಗಿ, ಸಿಪ್ಪೆ ಎದ್ದು, ಹುಳಿ ವಾಸನೆ ಬರಲು ಶುರುವಾಗುತ್ತದೆ. ಶೂಗಳಿಗೆ ಒಂದು ಚಮಚ ಅಡುಗೆ ಸೋಡಾ, ಬ್ಯಾಗಿಗೆ ಒಂದು ಹಿಡಿ ಲಾವಂಚ ಸಾಕು.

ಗೊರಬು ಕೊಳೆಯುತ್ತಿತ್ತು

ಕೊನೆಗೊಂದು ವ್ಯತ್ಯಾಸ. ಹಳೆಯ ಗೊರಬು ಹಿತ್ತಲಿಗೆ ಎಸೆದರೆ ಕೆಲವು ಮಳೆಗಾಲದಲ್ಲಿ ಮಣ್ಣಾಗುತ್ತಿತ್ತು. ಮುಟ್ಟಾಳೆಯೂ ಹಾಗೆಯೇ. 1,712 ಮೀಟರ್ ಎತ್ತರದ ಕುಮಾರ ಪರ್ವತದ ಹಾದಿಯಲ್ಲಿ ನೀವು ಬಿಟ್ಟುಬಂದ ತೊಟ್ಟೆ ಮುಂದಿನ ತಲೆಮಾರಿನ ಮಕ್ಕಳಿಗೂ ಸಿಗುತ್ತದೆ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಬಹ್ರೇನ್ 2019ರಲ್ಲಿ ಕೊಳೆಯದ ಪ್ಲಾಸ್ಟಿಕ್ ಚೀಲಗಳ ಆಮದಿಗೆ ತಡೆ ಹಾಕಿತು. ಕಾಡಿನ ದಾರಿಗಳಲ್ಲಿ ಹಲವು ಕಡೆ ಅರಣ್ಯ ಸಿಬ್ಬಂದಿ ಬ್ಯಾಗು ತೆರೆಸಿ ನೋಡುತ್ತಾರೆ. ಹಾಗಾಗಿ ಒಳಪದರದ ಚೀಲ ಒಂದು ದಿನದ್ದಾಗಬಾರದು. ದಪ್ಪನೆಯದು ಒಂದನ್ನು ಇಟ್ಟುಕೊಳ್ಳಿ, ಮರಳಿ ತನ್ನಿ, ತೊಳೆದು ಬೋರಲು ಹಾಕಿ ಒಣಗಿಸಿ, ಮುಂದಿನ ವರ್ಷ ಅದನ್ನೇ ಒಯ್ಯಿರಿ. ಗೊಬ್ಬರದ ಚೀಲವನ್ನು ತೊಳೆದು ಕೊಪ್ಪೆ ಮಾಡಿಕೊಂಡವರು ಅದನ್ನು ಹರಿಯುವ ತನಕ ಬಳಸಿದರು, ಮಳೆ ನಿಂತ ಕೂಡಲೇ ಎಸೆಯಲಿಲ್ಲ.

ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಮನೆಯಲ್ಲಿ ವಯಸ್ಸಾದವರು ಇದ್ದರೆ ಕೊಪ್ಪೆ ಹಾಕುವುದನ್ನು ತೋರಿಸಿ ಎಂದು ಕೇಳಿ. ಕಂಬಳಿ ಇಲ್ಲದಿದ್ದರೆ ಬೆಡ್‌ಶೀಟ್ ಆದರೂ ಸಾಕು. ಯಾವ ಮೂಲೆ ಎಲ್ಲಿಗೆ ಮಡಚಬೇಕು ಅನ್ನುವುದು ಅವರ ಕೈಗೆ ಇನ್ನೂ ನೆನಪಿರುತ್ತದೆ. ಪಕ್ಕದಲ್ಲಿ ನಿಂತು ನೀವೂ ಒಮ್ಮೆ ಮಡಚಿ ನೋಡಿ.