ತೀರ್ಪಿನ ಅನಂತರ ವಕೀಲರ ಫೀ: ಟಿಕಾನಿಕ್ ಬ್ಯಾಂಕಿನ ಮೊಕದ್ದಮೆ

ದಾವೆಯಲ್ಲಿ ಗೆದ್ದವನು ತನ್ನ ವಕೀಲರ ಫೀಯನ್ನು ಯಾರಿಂದ ಪಡೆಯಬೇಕು? ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೇರೆಗೆ ಖರ್ಚು ಸಾಮಾನ್ಯವಾಗಿ ಸೋತವನ ಮೇಲೆ ಬೀಳುತ್ತದೆ. ಅದರ ಮೊತ್ತವನ್ನು ಡಿಕ್ರಿಯಲ್ಲಿಯೇ ನಮೂದಿಸತಕ್ಕದ್ದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕ್ರಮ ಬೇರೆ. ಗೆಲ್ಲಲಿ, ಸೋಲಲಿ, ಅವರವರ ವಕೀಲರಿಗೆ ಅವರವರೇ ಕೊಡಬೇಕೆಂಬುದು 1796ರಿಂದ ಅಲ್ಲಿಯ ಸುಪ್ರೀಮ್ ಕೋರ್ಟು ಹಿಡಿದುಬಂದ ಸಾಮಾನ್ಯ ನಿಯಮ. ಈ ನಿಯಮಕ್ಕೆ ಅಪವಾದಗಳುಂಟು. ಅಂತಹ ಅಪವಾದವನ್ನು ತೀರ್ಪಾದ ಮೇಲೆ ಬೇಡಬಹುದೆ ಎಂಬ ಪ್ರಶ್ನೆ ಇತ್ಯರ್ಥವಾದುದು ಮುಳುಗಿದ ಒಂದು ಬ್ಯಾಂಕಿನ ಮೊಕದ್ದಮೆಯಲ್ಲಿ.

ಮೇನ್ ಸಂಸ್ಥಾನದ ಟಿಕಾನಿಕ್ ನ್ಯಾಷನಲ್ ಬ್ಯಾಂಕಿನಲ್ಲಿ ಸ್ಪ್ರೇಗ್ ಎಂಬ ಮಹಿಳೆ ಸುಮಾರು 5,000 ಡಾಲರುಗಳನ್ನು ಟ್ರಸ್ಟಿನ ಹಣವಾಗಿ ಒಪ್ಪಿಸಿದ್ದರು. ಇಂತಹ ಹಣವನ್ನು ಬ್ಯಾಂಕು ತನ್ನ ವ್ಯವಹಾರಕ್ಕೆ ಬಳಸಿದರೆ ಅದಕ್ಕೆ ಭದ್ರತೆಯಾಗಿ ಬಾಂಡುಗಳನ್ನು ಪ್ರತ್ಯೇಕವಾಗಿ ಇಡಬೇಕೆಂದು ಫೆಡರಲ್ ರಿಸರ್ವ್ ಕಾಯಿದೆ ವಿಧಿಸಿತ್ತು. ಬ್ಯಾಂಕು ಬಿದ್ದು ರಿಸೀವರರ ಕೈಸೇರಿದಾಗ, ಆ ಬಾಂಡುಗಳ ಹಣದ ಮೇಲೆ ತಮಗೆ ಇತರ ಸಾಲಗಾರರಿಗಿಂತ ಮೊದಲ ಹಕ್ಕಿದೆಯೆಂದು ಆಕೆ ದಾವೆ ಹೂಡಿ ಗೆದ್ದರು. 1938ರಲ್ಲಿ ಸುಪ್ರೀಮ್ ಕೋರ್ಟು ಅದಕ್ಕೆ ಬಡ್ಡಿಯೂ ಸಲ್ಲತಕ್ಕದ್ದೆಂದಿತು.

ದಾವೆ ಆಕೆಯೊಬ್ಬರದೇ. ಆದರೆ ಅದರ ಫಲವಾಗಿ ಅದೇ ಸ್ಥಿತಿಯಲ್ಲಿದ್ದ ಬೇರೆ 14 ಟ್ರಸ್ಟುಗಳ ಹಕ್ಕೂ ಸ್ಥಿರಪಟ್ಟಿತು. ಹೋರಾಡಿದವರು ಒಬ್ಬರು, ಫಲ ಉಣ್ಣುವವರು ಹಲವರು. ಖರ್ಚೆಲ್ಲ ಒಬ್ಬರ ತಲೆಗೇ ಬರುವುದು ನ್ಯಾಯವೆ? ಬಾಂಡುಗಳ ಹಣದಿಂದಲೇ ವಕೀಲರ ಫೀ ಕೊಡಿಸಬೇಕೆಂದು ಆಕೆ ವಿಚಾರಣಾ ನ್ಯಾಯಾಲಯವನ್ನು ಪ್ರಾರ್ಥಿಸಿದರು. ಮೇಲಣ ಕೋರ್ಟಿನ ಆಜ್ಞೆಯಾದ ಮೇಲೆ ತಮಗೆ ಅಧಿಕಾರವಿಲ್ಲವೆಂದು ಕೆಳಗಿನ ಕೋರ್ಟುಗಳು ಕೈಚೆಲ್ಲಿದವು.

1939ರಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರು ಬರೆದ ತೀರ್ಪು ಈ ಭಾವನೆಯನ್ನು ತಿದ್ದಿತು. ಫೀಯ ಪ್ರಶ್ನೆ ಮೂಲ ದಾವೆಯಲ್ಲಿ ಚರ್ಚೆಗೇ ಬಂದಿರಲಿಲ್ಲ. ಆದುದರಿಂದ ಅದು ಅಲ್ಲಿ ತೀರ್ಮಾನವಾಯಿತೆನ್ನಲಾಗದು. ಅರ್ಜಿ ಡಿಕ್ರಿಯ ತಿದ್ದುಪಡಿಯನ್ನು ಬೇಡುವುದಿಲ್ಲ. ಅದು ಡಿಕ್ರಿಗೆ ಪೂರಕವಾದ ಸ್ವತಂತ್ರ ನಡವಳಿ. ಇಂತಹ ಅಧಿಕಾರ ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದಿಂದ ಪರಂಪರೆಯಾಗಿ ಬಂದುದೆಂದು ತೀರ್ಪು ತೋರಿಸಿತು. ಆದರೆ ಅದನ್ನು ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ ಬಳಸತಕ್ಕದ್ದೆಂದು ಎಚ್ಚರಿಸಿ, ಫೀ ಕೊಡಿಸುವ ವಿವೇಚನೆಯನ್ನು ವಿಚಾರಣಾ ನ್ಯಾಯಾಲಯಕ್ಕೇ ಬಿಟ್ಟಿತು.

ಅಧಿಕಾರ ಸ್ಥಾಪಿತವಾದ ಮೇಲೆ ಅದಕ್ಕೆ ಕಾಲದ ಎಲ್ಲೆ ಬೇಕಾಯಿತು. ಡಿಕ್ರಿಯನ್ನು ತಿದ್ದಲು ಕೊಟ್ಟಿದ್ದ 10 ದಿನಗಳ ಗಡುವು ನಾಗರಿಕ ಹಕ್ಕುಗಳ ದಾವೆಯ ಫೀ ಅರ್ಜಿಗೆ ಅನ್ವಯಿಸದೆಂದು 1982ರಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ಫೀ ಬಾಕಿಯಿದ್ದರೂ ಮುಖ್ಯ ತೀರ್ಪು ಅಂತಿಮವೇ, ಅಪೀಲಿನ ಗಡುವು ಅಂದಿನಿಂದಲೇ ಓಡುತ್ತದೆಂದು 1988ರಲ್ಲಿ ಸ್ಪಷ್ಟಪಡಿಸಿತು. ಕೊನೆಗೆ 1993ರ ನಿಯಮಾವಳಿ, ಬೇರೆ ಕಾನೂನು ಅಥವಾ ಕೋರ್ಟಿನ ಆಜ್ಞೆ ಇಲ್ಲದಿದ್ದಲ್ಲಿ, ತೀರ್ಪು ದಾಖಲಾದ 14 ದಿನಗಳೊಳಗೆ ಅರ್ಜಿ ಸಲ್ಲಬೇಕೆಂದು ವಿಧಿಸಿತು.

ವ್ಯಾಜ್ಯಕ್ಕೆ ಕೊನೆಯಿರಬೇಕು, ಹಾಗೆಯೇ ಹಲವರ ಹಿತ ಕಾಯ್ದವನ ಖರ್ಚಿನ ಲೆಕ್ಕವನ್ನೂ ಯಾರಾದರೂ ನೋಡಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸಲು ಅಮೆರಿಕದ ಕಾನೂನಿಗೆ 54 ವರ್ಷಗಳೇ ಬೇಕಾದುವು.